ಪಿಕಪ್ ಎತ್ತರಿಸಿದರೆ ಹೆಚ್ಚು ಲೋಡ್ ಹಿಡಿಯುತ್ತದೆಯೇ? 300 ವರ್ಷದ ಹಿಂದೆ ತೀರಿಕೊಂಡ ರಾಬರ್ಟ್ ಹುಕ್‌ನನ್ನು ಕೇಳೋಣ

ಮುಂಡರಗಿ, ಶಿರಹಟ್ಟಿ ಕಡೆಯ ಎರೆ ಹೊಲಗಳಲ್ಲಿ ಪಿಕಪ್ ಓಡಿಸುವವರಿಗೆ ಮಳೆಗಾಲ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಉಳ್ಳಾಗಡ್ಡಿ ತುಂಬಿದ ಗಾಡಿಯ ಹಿಂಭಾಗ ಕೂತುಬಿಡುತ್ತದೆ, ಬದುವಿಗೆ ಹೊಟ್ಟೆ ತಾಗುತ್ತದೆ. ಆಗ ಯಾರಾದರೂ ಸಲಹೆ ಕೊಡುತ್ತಾರೆ: ಸಸ್ಪೆನ್ಷನ್ ಲಿಫ್ಟ್ ಮಾಡಿಸು, ಗಾಡಿ ಎತ್ತರ ಆಗುತ್ತದೆ, ಲೋಡೂ ಜಾಸ್ತಿ ಹಿಡಿಯುತ್ತದೆ. ಇದರಲ್ಲಿ ಮೊದಲ ಅರ್ಧ ನಿಜ, ಎರಡನೆಯ ಅರ್ಧ ಸುಳ್ಳು. ಏಕೆಂದು ತಿಳಿಯಲು 1703ರಲ್ಲಿ ತೀರಿಕೊಂಡ ಒಬ್ಬ ಇಂಗ್ಲಿಷ್ ವಿಜ್ಞಾನಿಯ ಬದುಕನ್ನು ನೋಡಬೇಕು.

ರಾಬರ್ಟ್ ಹುಕ್ ಹುಟ್ಟಿದ್ದು 1635ರಲ್ಲಿ, ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಬಾಲ್ಯದಿಂದಲೂ ಆರೋಗ್ಯ ಅಷ್ಟಕ್ಕಷ್ಟೇ. 13ನೇ ವಯಸ್ಸಿಗೆ ತಂದೆ ಹೋದರು. ಹುಡುಗ ಲಂಡನ್‌ಗೆ ಬಂದು ಸ್ವಲ್ಪ ದಿನ ಚಿತ್ರಕಾರನೊಬ್ಬನ ಬಳಿ ಕಲಿತ, ಆಮೇಲೆ ಶಾಲೆ ಸೇರಿದ, ಅಲ್ಲಿಂದ ಆಕ್ಸ್‌ಫರ್ಡ್. ಅಲ್ಲಿ ರಾಬರ್ಟ್ ಬಾಯ್ಲ್ ಎಂಬ ಶ್ರೀಮಂತ ವಿಜ್ಞಾನಿಗೆ ಸಹಾಯಕನಾಗಿ ಗಾಳಿ ಪಂಪು ತಯಾರಿಸಿಕೊಟ್ಟ. ಕೈಗೆ ಎಣ್ಣೆ-ಮಸಿ ಮೆತ್ತಿಕೊಂಡು ಕೆಲಸ ಮಾಡುವ ಮನುಷ್ಯ. ನಮ್ಮ ಗ್ಯಾರೇಜಿನ ಒಳ್ಳೆಯ ಮೇಸ್ತ್ರಿಯಂತೆ ಎಂದರೆ ತಪ್ಪಾಗದು. 1662ರಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುವ ಕೆಲಸ ಸಿಕ್ಕಿತು.

1660ರ ಸುಮಾರಿಗೆ ಆತ ಕಂಡುಕೊಂಡದ್ದು ಸ್ಪ್ರಿಂಗಿನ ಗುಟ್ಟು. ಆದರೆ ಬೇರೆಯವರು ಕದ್ದಾರು ಎಂಬ ಭಯ. ಹಾಗಾಗಿ 1676ರಲ್ಲಿ ಆ ನಿಯಮದ ಲ್ಯಾಟಿನ್ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಒಗಟಿನಂತೆ ಅಚ್ಚು ಹಾಕಿಸಿದ. ಒಗಟು ಬಿಡಿಸಿದ್ದು 1678ರಲ್ಲಿ. ನಾವು ಶಾಲೆಯಲ್ಲಿ ಹುಕ್‌ನ ನಿಯಮ ಎಂದು ಬಾಯಿಪಾಠ ಮಾಡಿದ್ದು ಇದನ್ನೇ: ಸ್ಪ್ರಿಂಗಿನ ಮೇಲೆ ಎಷ್ಟು ಭಾರ ಹಾಕುತ್ತೀರೋ ಅಷ್ಟಕ್ಕೆ ತಕ್ಕಂತೆ ಅದು ಕುಗ್ಗುತ್ತದೆ. 100 ಕೆಜಿಗೆ 2 ಸೆಂಟಿಮೀಟರ್ ಕುಗ್ಗಿದರೆ 200 ಕೆಜಿಗೆ 4. ಮಿತಿ ದಾಟಿದರೆ ಮಾತ್ರ ಲೆಕ್ಕ ತಪ್ಪುತ್ತದೆ, ಪಾಟಾ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಈಗ ಪಿಕಪ್‌ಗೆ ಬನ್ನಿ. ಹೊಸಬರಿಗೆ ಅಗ್ಗದ ದಾರಿ ಸ್ಪೇಸರ್ ಅಥವಾ ಬ್ಲಾಕ್, ಅಂದರೆ ಸ್ಪ್ರಿಂಗಿನ ಜೊತೆ ಇಡುವ ಒಂದು ಗಟ್ಟಿ ತುಂಡು. ಗಾಡಿ ಎತ್ತರವಾಗುತ್ತದೆ, ಆದರೆ ಸ್ಪ್ರಿಂಗ್ ಅದೇ. 100 ಕೆಜಿಗೆ ಮೊದಲು 2 ಸೆಂಟಿಮೀಟರ್ ಕುಗ್ಗುತ್ತಿದ್ದರೆ ಈಗಲೂ ಅಷ್ಟೇ ಕುಗ್ಗುತ್ತದೆ. ಕಮಾನ್ ಪಾಟಾಗೆ ಇನ್ನೊಂದು ಎಲೆ ಸೇರಿಸಿದರೆ ಬಿಗಿ ಹೆಚ್ಚುತ್ತದೆ, ಕಡಿಮೆ ಕುಗ್ಗುತ್ತದೆ. ಖಾಲಿ ಗಾಡಿ ಮಾತ್ರ ಎತ್ತಿಹಾಕುತ್ತದೆ. ಉದ್ದದ ಶ್ಯಾಕಲ್ ಹಾಕಿದರೆ, 2 ಇಂಚು ಉದ್ದಕ್ಕೆ ಗಾಡಿ ಏಳುವುದು ಸುಮಾರು 1 ಇಂಚು. ಹೊಸ ಸ್ಪ್ರಿಂಗ್ ಜೊತೆ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಇರುವ ಪೂರ್ಣ ಕಿಟ್ ದುಬಾರಿ, ಆದರೆ ನನ್ನ ಪ್ರಕಾರ ಸರಿಯಾದದ್ದು ಅದೇ. ಮೊದಲ ಸಲ ಮಾಡಿಸುವವರು ಒಂದೂವರೆ-ಎರಡು ಇಂಚು ದಾಟದಿರುವುದು ಕ್ಷೇಮ. ಬ್ಲಾಕ್ ಮೇಲೆ ಬ್ಲಾಕ್ ಇಡುವುದಂತೂ ಬೇಡವೇ ಬೇಡ.

ಇವುಗಳಲ್ಲಿ ಯಾವುದೂ ಲೋಡಿನ ಮಿತಿಯನ್ನು ಏರಿಸುವುದಿಲ್ಲ. ಆ ಮಿತಿ ಸ್ಪ್ರಿಂಗ್ ಒಂದರದ್ದಲ್ಲ; ಆಕ್ಸೆಲ್, ಚಾಸಿ, ಬ್ರೇಕ್, ಟೈರು ಎಲ್ಲ ಸೇರಿ ನಿರ್ಧಾರವಾಗಿದೆ. ಎತ್ತರ ಏರಿದಂತೆ ತಿರುವಿನಲ್ಲಿ ಮಗುಚುವ ಅಪಾಯವೂ ಏರುತ್ತದೆ. ಇನ್ನೊಂದು ಮಾತು: ಹಿಂದಿನ ಆಕ್ಸೆಲ್‌ನ ಗುಂಡು ನೆಲದಿಂದ ಎಷ್ಟು ಮೇಲಿದೆ ಎಂಬುದು ಲಿಫ್ಟ್‌ನಿಂದ ಬದಲಾಗದು. ದೊಡ್ಡ ಟೈರು ಹಾಕಿದರೆ ಮಾತ್ರ ಅದು ಏಳುತ್ತದೆ.

ಹುಕ್‌ಗೆ ಗಾಡಿ ಹೊಸದೇನಲ್ಲ. 1665ರ ಮೇ 1ರಂದು ಆತ ಗೆಳೆಯರೊಂದಿಗೆ ಕರ್ನಲ್ ಬ್ಲೌಂಟ್ ಎಂಬುವವರ ಮನೆಗೆ ಹೋಗಿದ್ದ. ಊಟವಾದ ಮೇಲೆ, ಕುಲುಕಾಟ ಕಡಿಮೆ ಮಾಡಲು ತಯಾರಿಸಿದ ಕುದುರೆ ಗಾಡಿಗಳ ಪರೀಕ್ಷೆ. ಒಂದರ ಮೈ ಪೂರ್ತಿ ಒಂದೇ ಉದ್ದನೆಯ ಸ್ಪ್ರಿಂಗ್ ಮೇಲೆ ಕೂತಿತ್ತು. ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಹತ್ತಿ ನೋಡಿದರು. ಜೊತೆಗಿದ್ದ ಸ್ಯಾಮುಯೆಲ್ ಪೀಪ್ಸ್ ಎಂಬ ಅಧಿಕಾರಿ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ.

ನಿಮ್ಮ ಪಿಕಪ್ ಕೆಳಗೆ ಹುಕ್‌ನ ಇನ್ನೊಂದು ಗುರುತಿದೆ. ಜಾಯಿಂಟ್ ಶಾಫ್ಟ್‌ನ ತುದಿಯಲ್ಲಿರುವ ಕ್ರಾಸ್, ಅಂದರೆ ಯೂನಿವರ್ಸಲ್ ಜಾಯಿಂಟ್. 1670ರ ದಶಕದಲ್ಲಿ ಆತ ಅದನ್ನು ವಿವರಿಸಿ ಬರೆದ. ಹುಕ್ಸ್ ಜಾಯಿಂಟ್ ಎಂದು ಈಗಲೂ ಕರೆಯುತ್ತಾರೆ. ಕೋನ ಹೆಚ್ಚಾದಷ್ಟೂ ಅದರ ತಿರುಗುವ ವೇಗ ಏರುಪೇರಾಗುತ್ತದೆ. ಗಾಡಿಯನ್ನು ವಿಪರೀತ ಎತ್ತರಿಸಿದಾಗ ಶಾಫ್ಟ್ ನಡುಗುವುದು, ಕ್ರಾಸ್ ಬೇಗ ಸವೆಯುವುದು ಇದಕ್ಕೇ. ಆದ್ದರಿಂದ ಕೆಲಸ ಮುಗಿದ ಮೇಲೆ ಶಾಫ್ಟ್ ಕೋನ, ಬ್ರೇಕ್ ಪೈಪಿನ ಉದ್ದ, ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಎತ್ತರ ನಾಲ್ಕನ್ನೂ ನೋಡಿಸಿ.

ಅದಕ್ಕೂ ಮೊದಲು ಗದಗದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಹುಕ್ ಮಾಡದ ಕೆಲಸವಿಲ್ಲ. ಸೂಕ್ಷ್ಮದರ್ಶಕದಲ್ಲಿ ಬೆಂಡಿನ ಚೂರು ನೋಡಿ ಸೆಲ್ ಎಂಬ ಹೆಸರಿಟ್ಟ. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟಾಗ ಜಾಗಗಳ ಸರ್ವೆ ಮಾಡಿದ. ಜಗಳಗಂಟನೂ ಹೌದು. ಗುರುತ್ವದ ವಿಷಯದಲ್ಲಿ ನ್ಯೂಟನ್ ಜೊತೆಗಿನ ಜಗಳ ಕೊನೆತನಕ ಮುಗಿಯಲಿಲ್ಲ. ನ್ಯೂಟನ್ನನೇ ಹುಕ್‌ನ ಚಿತ್ರವನ್ನು ನಾಶ ಮಾಡಿಸಿದ ಎಂಬ ಕಥೆ ಓಡಾಡುತ್ತದೆ, ಅದಕ್ಕೆ ಪುರಾವೆಯಿಲ್ಲ. ಹುಕ್‌ನದೇ ಎಂದು ಖಚಿತವಾಗಿ ಹೇಳಬಲ್ಲ ಚಿತ್ರ ಒಂದೂ ಉಳಿದಿಲ್ಲ ಎಂಬುದು ಮಾತ್ರ ನಿಜ. ಫಾರ್ವರ್ಡ್‌ನಲ್ಲಿ ಆತನ ಮುಖ ಕಂಡರೆ ಸ್ವಲ್ಪ ಅನುಮಾನಿಸಿ.

1703ರ ಮಾರ್ಚ್‌ನಲ್ಲಿ, ಬಹುಕಾಲ ವಾಸವಿದ್ದ ಲಂಡನ್ನಿನ ಗ್ರೆಶಮ್ ಕಾಲೇಜಿನ ಕೋಣೆಗಳಲ್ಲೇ ಆತ ಸತ್ತ. ಕೊನೆಯ ದಿನಗಳಲ್ಲಿ ಕಡುಬಡವನಂತೆ ಬದುಕಿದ್ದ. ಆಮೇಲೆ ನೋಡಿದರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡ್ ಇತ್ತು.