ಪೂರಕಕ್ಕೆ ಹೆಸರಿಟ್ಟ ಪಾಲ್ ಎರ್ಲಿಕ್

ದೇವಣಿ, ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮಗೆ ದನಕರುಗಳೂ ಆಡುಗಳೂ ಹೊಸವಲ್ಲ. ಅಂಥ ಆಡುಗಳ ರಕ್ತವನ್ನು ಪರೀಕ್ಷಿಸಿ ದೇಹರಕ್ಷಣೆಯ ಗುಟ್ಟನ್ನು ಹುಡುಕಿದ ವಿಜ್ಞಾನಿಯೊಬ್ಬರ ಜೀವನವನ್ನು ಇಲ್ಲಿ ನೋಡೋಣ. ಅವರೇ ಪಾಲ್ ಎರ್ಲಿಕ್.

ಎರ್ಲಿಕ್ ಅವರು ೧೮೫೪ನೆಯ ಇಸವಿ ಮಾರ್ಚ್ ೧೪ರಂದು, ಇಂದು ಪೋಲೆಂಡಿನಲ್ಲಿರುವ ಸ್ಟ್ರೆಲೆನ್ ಎಂಬ ಊರಿನಲ್ಲಿ ಜನಿಸಿದರು. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಬಣ್ಣಗಳ ಹುಚ್ಚು. ಒಂದು ಬಣ್ಣ ಒಂದು ಬಗೆಯ ಜೀವಕೋಶಕ್ಕೆ ಮಾತ್ರ ಅಂಟಿ ಉಳಿದವನ್ನು ಬಿಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಹಾಗಾದರೆ ರೋಗಾಣುವಿಗೆ ಮಾತ್ರ ಅಂಟಿ ಅದನ್ನು ಕೊಲ್ಲುವ ಮದ್ದು ಏಕಿರಬಾರದು? ಈ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ನಡುವೆ ಅವರಿಗೆ ಕ್ಷಯರೋಗ ತಗಲಿತು. ೧೮೮೮ರಲ್ಲಿ ಈಜಿಪ್ಟಿಗೆ ಹೋಗಿ, ಸುಧಾರಿಸಿಕೊಂಡು ಮರಳಿದರು.

ರಕ್ತದ ಸೀರಮ್ಮಿನಲ್ಲಿ ರೋಗಾಣುವನ್ನು ನಾಶಮಾಡಲು ಎರಡು ಪದಾರ್ಥಗಳು ಕೂಡಿ ಕೆಲಸ ಮಾಡುತ್ತವೆಂದು ಬೆಲ್ಜಿಯಮ್ಮಿನ ಜೂಲ್ ಬೋರ್ಡೆ ತೋರಿಸಿದ್ದರು. ಒಂದು ಪ್ರತಿಕಾಯ, ಅದು ವೈರಿಯನ್ನು ಗುರುತಿಸುತ್ತದೆ. ಇನ್ನೊಂದು ಅದಕ್ಕೆ ನೆರವಾಗಿ ವೈರಿಯ ಮೈಯನ್ನು ಒಡೆಯುತ್ತದೆ. ೫೬ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಈ ಎರಡನೆಯದು ಕೆಡುತ್ತದೆ. ಇದಕ್ಕೆ ಕಾಂಪ್ಲಿಮೆಂಟ್, ಅಂದರೆ ಪೂರಕ, ಎಂದು ಹೆಸರಿಟ್ಟವರು ಎರ್ಲಿಕ್. ಅವರು ಒಂದು ಆಡಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿ ನೋಡಿದರು. ಅದರ ಸೀರಮ್ ಬೇರೆ ಆಡುಗಳ ಕೆಂಪು ಕಣಗಳನ್ನು ಒಡೆಯಿತು. ತನ್ನ ಕಣಗಳನ್ನು ಮುಟ್ಟಲಿಲ್ಲ. ದೇಹವು ತನ್ನ ಮೇಲೆಯೇ ಕೈಮಾಡಲು ಹೇಸುತ್ತದೆಂದು ಅವರು ತಿಳಿದರು. ೧೯೦೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಫ್ರಾಂಕ್‌ಫರ್ಟಿನ ಪ್ರಯೋಗಶಾಲೆಯಲ್ಲಿ ಆರ್ಸೆನಿಕ್ ಸೇರಿದ ನೂರಾರು ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ೬೦೬ನೆಯದು ಕೆಲಸಕ್ಕೆ ಬಾರದೆಂದು ಮೂಲೆ ಸೇರಿತ್ತು. ೧೯೦೯ರಲ್ಲಿ ಜಪಾನಿನಿಂದ ಬಂದ ಸಹಾಚಿರೋ ಹಾಟಾ ಅದನ್ನು ಮತ್ತೆ ಪರೀಕ್ಷಿಸಿದಾಗ, ಸಿಫಿಲಿಸ್ ಎಂಬ ಭೀಕರ ರೋಗಕ್ಕೆ ಅದೇ ಮದ್ದೆಂದು ತಿಳಿಯಿತು. ೧೯೧೦ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಬಳಕೆಗೆ ಬಂದಿತು. ೧೯೧೫ರ ಆಗಸ್ಟ್ ೨೦ರಂದು ಎರ್ಲಿಕ್ ತೀರಿಕೊಂಡರು.

ಪೂರಕ ಒಂದೇ ವಸ್ತುವಲ್ಲ, ೩೦ಕ್ಕೂ ಹೆಚ್ಚು ಪ್ರೋಟೀನುಗಳ ಕೂಟವೆಂದು ಮುಂದೆ ತಿಳಿಯಿತು. ದೇಹ ಯಾವಾಗಲೂ ತನ್ನನ್ನು ಕಾಯುತ್ತದೆಂಬುದೂ ನಿಜವಲ್ಲ. ಒಂದು ಅಪರೂಪದ ಕಾಯಿಲೆಯಲ್ಲಿ ಕೆಂಪು ಕಣಗಳ ಮೇಲಿನ ರಕ್ಷೆ ಇಲ್ಲವಾಗಿ, ಪೂರಕವೇ ಅವನ್ನು ಒಡೆಯುತ್ತದೆ. ಅದಕ್ಕೆ ೨೦೦೭ರಲ್ಲಿ ಚುಚ್ಚುಮದ್ದು ಬಂದಿತು. ೨೦೨೩ರ ಡಿಸೆಂಬರಿನಲ್ಲಿ ಇಪ್ಟಾಕೋಪಾನ್ ಎಂಬ ನುಂಗುವ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈ ಸಣ್ಣ ಅಣು ಪೂರಕದ ಒಂದು ಪ್ರೋಟೀನಿಗೆ ಅಂಟಿ ಅದನ್ನು ತಡೆಯುತ್ತದೆ. ಕಾವಲುಗಾರನನ್ನು ಕಟ್ಟಿಹಾಕಿದರೆ ಕಳ್ಳನ ಭಯ ಹೆಚ್ಚು; ಆದ್ದರಿಂದ ರೋಗಿಗೆ ಮೊದಲೇ ಕೆಲವು ಲಸಿಕೆಗಳನ್ನು ಹಾಕಬೇಕು.

ಎರ್ಲಿಕ್ ಹೆಸರಿಟ್ಟ ಪೂರಕವೂ ಅವರು ಹುಡುಕಿದ ಗುರಿಹಿಡಿದ ಮದ್ದೂ ಹೀಗೆ ನೂರು ವರ್ಷಗಳ ನಂತರ ಒಂದುಗೂಡಿದವು. ಗೆಳೆಯರೇ, ಒಮ್ಮೆ ತಪ್ಪಿದ ಲೆಕ್ಕವನ್ನು ಕೈಬಿಡುವ ಮೊದಲು ನಾವು ಮೂಲೆ ಸೇರಿದ್ದ ಆ ೬೦೬ನ್ನು ನೆನೆಯೋಣ.