ಸವೆದ ತಟ್ಟೆಯೊಳಗಿನ ಹೆಸರು: ಗೌಹರ್ ಜಾನ್

ಭದ್ರಾವತಿ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳಿ ಬೆಳೆದ ಹೊಳೆಹೊನ್ನೂರು ಭಾಗದ ಹಿರಿಯ ಶ್ರೋತೃಗಳಿಗೆ ಮಾತಿನ ಹಿಂದೆ ಗೊರಗುಟ್ಟುವ ಸದ್ದು ಅಪರಿಚಿತವಲ್ಲ. ಅದು ಪ್ರಸಾರದ ದಾರಿಯಲ್ಲಿ ಬಂದು ಸೇರುವ ಸದ್ದು. ಧ್ವನಿಮುದ್ರಿಕೆಯ ಮೈಗೇ ಅಂಟಿಕೊಂಡ ಸದ್ದಿನ ಕಥೆ ಬೇರೆ. ಭಾರತೀಯ ಗ್ರಾಮಫೋನ್ ಯುಗದ ಮೊದಲ ತಾರೆ ಎನಿಸಿದ ಗೌಹರ್ ಜಾನ್ ಅವರ ದನಿ ಇಂದಿಗೂ ಅಂತಹ ಸದ್ದಿನ ಹಿಂದಿನಿಂದಲೇ ಕೇಳಿಬರುತ್ತದೆ. ಅವರ ಬದುಕಿನ ಕೊನೆಯ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ.

ಗೌಹರ್ ಜನಿಸಿದ್ದು 1873ರ ಜೂನ್ 26ರಂದು, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಹುಟ್ಟು ಹೆಸರು ಏಂಜೆಲಿನಾ ಯೋವರ್ಡ್. ತಂದೆ ಆರ್ಮೇನಿಯನ್ ಮೂಲದ ಇಂಜಿನಿಯರ್. ದಾಂಪತ್ಯ ಮುರಿದ ಬಳಿಕ ತಾಯಿ ಮಗಳೊಡನೆ ಕಾಶಿಗೆ ಬಂದು ಇಸ್ಲಾಂ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಮುಂದೆ ಕಲ್ಕತ್ತೆ ಅವರ ಕರ್ಮಭೂಮಿಯಾಯಿತು.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಅವರ ಗಾಯನವನ್ನು ಮುದ್ರಿಸಿಕೊಂಡರು. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸುವ ಕಲೆಯನ್ನು ಅವರು ಬೇಗನೆ ಕರಗತ ಮಾಡಿಕೊಂಡರು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಘೋಷಣೆ. ಹಣೆಪಟ್ಟಿಗಾಗಿ ಆಡಿದ ಆ ಮಾತೇ ಅವರ ಗುರುತಾಗಿ ಉಳಿದದ್ದು ವಿಚಿತ್ರ.

ಆದರೆ ತಟ್ಟೆಯಲ್ಲಿ ಆ ಮಾತಿಗೆ ಸಿಕ್ಕ ಜಾಗ ಅತ್ಯಂತ ಕೆಟ್ಟದ್ದು. ಮುಳ್ಳು ಒಳಕ್ಕೆ ಸರಿದಂತೆ ಸುತ್ತು ಚಿಕ್ಕದಾಗಿ, ಗೆರೆ ಮುಳ್ಳಿನಡಿ ಸಾಗುವ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿ ದನಿಯ ಅಲೆಗಳು ಒತ್ತೊತ್ತಾಗಿರುವುದರಿಂದ ಸವೆತವೂ ವಿಕೃತಿಯೂ ಹೆಚ್ಚು. ಹಾಡಿರುವಾಗ ಸಾರಂಗಿ, ತಬಲಾ ಮರೆಮಾಚುವ ಸದ್ದು ಒಂಟಿ ಮಾತಿನ ಸುತ್ತ ಬಯಲಾಗುತ್ತದೆ. ಅರಗಿನ ತಟ್ಟೆಗೆ ಕಲ್ಲಿನ ಪುಡಿ ಬೆರೆಸುತ್ತಿದ್ದುದರಿಂದ ಹೊಸ ತಟ್ಟೆಯೂ ಸುಯ್ಯೆನ್ನುತ್ತಿತ್ತು.

ಇದನ್ನು ತೊಡೆಯುವ ಕೆಲಸ ಕಂಪ್ಯೂಟರಿನಿಂದಲ್ಲ, ನೀರಿನಿಂದ ಆರಂಭವಾಗುತ್ತದೆ. ಸ್ಪಿರಿಟ್ ಮುಟ್ಟಿಸುವಂತಿಲ್ಲ, ಅರಗು ಕರಗೀತು. ಬಳಿಕ ಗೆರೆಯ ಸವೆಯದ ಭಾಗವನ್ನು ಮುಟ್ಟುವ ಅಳತೆಯ ಮುಳ್ಳನ್ನು ಆರಿಸಬೇಕು. ಚಿಟಪಟ ಸದ್ದುಗಳನ್ನು ಕತ್ತರಿಸಿ, ಅಕ್ಕಪಕ್ಕದ ಅಲೆಯ ಜಾಡು ಹಿಡಿದು ತೆರಪನ್ನು ತುಂಬುತ್ತಾರೆ. ಸುಯ್ಯೆನ್ನುವ ಸದ್ದಿಗೆ ಉಪಾಯ ಬೇರೆ: ಹಾಡಿಗೆ ಮುನ್ನ ಬರಿ ಸದ್ದಷ್ಟೇ ಇರುವ ಗೆರೆಯಿಂದ ಅದರ ಮಾದರಿ ತೆಗೆದು, ಉಳಿದೆಡೆಯಿಂದ ಕಳೆಯುವುದು. ಇಲ್ಲಿಯೇ ಎಚ್ಚರ ಬೇಕು. ಸಕಾರ, ಶಕಾರಗಳ ಸ್ವರೂಪವೂ ಸುಯ್ಯೆನ್ನುವ ಸದ್ದಿನಂಥದೇ. ಕಹಳೆ ಅವುಗಳನ್ನು ಮೊದಲೇ ಅರೆಬರೆ ಹಿಡಿದಿರುತ್ತದೆ. ಅತಿಯಾಗಿ ತೊಳೆದರೆ ಉಳಿದದ್ದೂ ಹೋಗಿ, ದನಿ ನೀರಿನಡಿಯಿಂದ ಬಂದಂತೆ ಕೇಳಿಸುತ್ತದೆ. ಬಲ್ಲವರು ಸ್ವಲ್ಪ ಸದ್ದನ್ನು ಬಿಟ್ಟೇಬಿಡುತ್ತಾರೆ.

ಗೌಹರ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಮುದ್ರಿಕೆಗಳನ್ನು ನೀಡಿದರೆಂಬ ಅಂದಾಜಿದೆ. 1911ರ ದಿಲ್ಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿಯೊಡನೆ ಹಾಡಿದರು. ಬೆಂಕಿಪೊಟ್ಟಣದ ಮೇಲೂ ಅವರ ಚಿತ್ರವಿತ್ತು. ಹಣವೂ ಹರಿದು ಬಂತು. ನಂಬಿದವರೊಡನೆಯೇ ನಡೆದ ವ್ಯಾಜ್ಯಗಳಲ್ಲಿ ಅಷ್ಟೇ ಬೇಗ ಹರಿದುಹೋಯಿತು.

ಆಶ್ರಯ ನೀಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. 1928ರ ಆಗಸ್ಟ್ 1ರಿಂದ ಅವರು ಮೈಸೂರು ಆಸ್ಥಾನದ ಗಾಯಕಿ, ತಿಂಗಳಿಗೆ 500 ರೂಪಾಯಿ ಸಂಬಳ. ಆ ನೆಮ್ಮದಿ ಒಂದೂವರೆ ವರ್ಷವೂ ಬಾಳಲಿಲ್ಲ. 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ, 56ನೇ ವಯಸ್ಸಿನಲ್ಲಿ ನಿಧನರಾದರು.

ಮೈಸೂರು ಅರಮನೆಯ ಕಡತಗಳಲ್ಲಿ ಅವರ ಕೊನೆಯ ದಿನಗಳ ಜಾಡು ಹಿಡಿದ ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ 2010ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಆ ಬಳಿಕ ಅವರು ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದಿತು. ಪುಸ್ತಕದ ಶೀರ್ಷಿಕೆ, ತಟ್ಟೆಯ ಕೊನೆಯ ಸುತ್ತುಗಳಲ್ಲಿ ಗೌಹರ್ ಆಡುತ್ತಿದ್ದ ಆ ಘೋಷಣೆಯೇ.