ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯ (3 ಏಪ್ರಿಲ್ 1903 – 29 ಅಕ್ಟೋಬರ್ 1988) ಮಂಗಳೂರಿನಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜವಾದಿ ಚಿಂತಕಿ ಹಾಗೂ ಸ್ವತಂತ್ರ ಭಾರತದಲ್ಲಿ ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಕಾರಣರಾದವರಲ್ಲಿ ಅಗ್ರಗಣ್ಯರು. ಕುಶಲಕರ್ಮಿಗಳ ಬಡತನವನ್ನು ಅವರು ಕಲೆಯ ಪ್ರಶ್ನೆಯಾಗಿ ಮಾತ್ರವಲ್ಲ, ದುಡಿಮೆ ಮತ್ತು ಮಾರುಕಟ್ಟೆಯ ಪ್ರಶ್ನೆಯಾಗಿಯೂ ಕಂಡರು.

ಬಾಲ್ಯ ಮತ್ತು ಶಿಕ್ಷಣ

ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದರು, ತಾಯಿ ಗಿರಿಜಾಬಾಯಿ. ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಸಂದಿತು. ತಾಯಿ ಜೀವನಾಂಶವನ್ನು ನಿರಾಕರಿಸಿ ತಮ್ಮ ಸ್ವಂತ ಸ್ತ್ರೀಧನದಲ್ಲಿ ಮಗಳನ್ನು ಬೆಳೆಸಿದರು. ಹೆಣ್ಣಿಗೆ ಆರ್ಥಿಕ ಹಕ್ಕಿಲ್ಲದಿರುವುದರ ಅರ್ಥವನ್ನು ಕಮಲಾದೇವಿ ಮನೆಯಲ್ಲಿಯೇ ಕಂಡಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಗಿ ಅಲ್ಪಕಾಲದಲ್ಲೇ ವಿಧವೆಯಾದರೂ ಓದನ್ನು ನಿಲ್ಲಿಸಲಿಲ್ಲ. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದುವಾಗ ಸರೋಜಿನಿ ನಾಯ್ಡು ಅವರ ಸಹೋದರ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಸಂಪ್ರದಾಯಸ್ಥರ ವಿರೋಧದ ನಡುವೆಯೇ ಅವರನ್ನು ವಿವಾಹವಾದರು. ಮುಂದೆ ಈ ದಾಂಪತ್ಯ ವಿಚ್ಛೇದನದಲ್ಲಿ ಕೊನೆಗೊಂಡಿತು.

ಸಾರ್ವಜನಿಕ ಜೀವನ

1926ರಲ್ಲಿ ಮದ್ರಾಸ್ ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಅವಕಾಶವಿರಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಅವರು ಪ್ರಮುಖರು. 1930ರಲ್ಲಿ ಮುಂಬಯಿಯಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. ಇದರ ನಡುವೆ, 1931ರಲ್ಲಿ ತೆರೆಕಂಡ ಕನ್ನಡದ ಮೂಕಿಚಿತ್ರ ಮೃಚ್ಛಕಟಿಕದಲ್ಲಿ ನಟಿಸಿದ್ದೂ ಉಂಟು.

ಸಹಕಾರ ಮತ್ತು ಕರಕುಶಲ

ದೇಶ ವಿಭಜನೆಯ ನಂತರ ಅಧಿಕಾರದ ಹುದ್ದೆಗಳನ್ನು ಬಯಸದೆ ನಿರಾಶ್ರಿತರ ಪುನರ್ವಸತಿಗೆ ಇಳಿದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿದರು. ವಾಯವ್ಯ ಗಡಿನಾಡಿನಿಂದ ಬಂದವರು ದೆಹಲಿ ಬಳಿಯ ಫರೀದಾಬಾದಿನಲ್ಲಿ ನೆಲೆಗೊಳ್ಳಲು ಒಕ್ಕೂಟ ನೆರವಾಯಿತು. ದಾನವನ್ನು ಹಂಚುವ ಬದಲು ದುಡಿಯುವ ಕೈಗೆ ಕಸುಬನ್ನೂ ಸಹಕಾರ ಸಂಘವನ್ನೂ ಒದಗಿಸಬೇಕೆಂಬುದು ಅವರ ನಿಲುವಾಗಿತ್ತು.

1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಸುಮಾರು ಎರಡು ದಶಕಗಳ ಕಾಲ ಮುನ್ನಡೆಸಿದರು. ಕುಶಲಕರ್ಮಿಯ ಮುಂದಿದ್ದ ಸಮಸ್ಯೆ ಸರಳವಾದುದಲ್ಲ. ಬ್ರಿಟಿಷರ ಕಾಲದಿಂದಲೂ ವಿದೇಶಿ ಗಿರಣಿಯ ಸರಕು ಅವನ ಗಿರಾಕಿಯನ್ನು ಕಸಿದಿತ್ತು. ಅರಮನೆ ಮತ್ತು ದೇವಾಲಯಗಳ ಆಶ್ರಯ ತಪ್ಪಿತ್ತು. ಲಾಭದ ಹೆಚ್ಚಿನ ಪಾಲು ಮಧ್ಯವರ್ತಿಯ ಕೈಸೇರುತ್ತಿತ್ತು. ಯಂತ್ರದ ಸರಕಿನೊಡನೆ ಬೆಲೆಯಲ್ಲಿ ಪೈಪೋಟಿ ನಡೆಸಿದರೆ ಕೈಕಸುಬಿಗೆ ಸೋಲು ನಿಶ್ಚಿತ. ಯಂತ್ರ ಮಾಡಲಾರದ ಕೆಲಸದಲ್ಲಿ, ಗುಣಮಟ್ಟದಲ್ಲಿ ಮಾತ್ರ ಅದು ನಿಲ್ಲಬಲ್ಲದು. ಆದ್ದರಿಂದ ವಿನ್ಯಾಸ ಕೇಂದ್ರಗಳು, ಮಾರಾಟ ಮಳಿಗೆಗಳು, ವಸ್ತುಪ್ರದರ್ಶನಗಳು ಮತ್ತು ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿಗಳ ವ್ಯವಸ್ಥೆ ರೂಪುಗೊಂಡಿತು. ದೆಹಲಿಯ ಕೇಂದ್ರೀಯ ಗುಡಿಕೈಗಾರಿಕೆ ಮಳಿಗೆಯನ್ನು ಅವರ ಸಹಕಾರ ಒಕ್ಕೂಟವೇ ಹಲವು ವರ್ಷ ನಡೆಸಿತು. 1964ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪಕರಲ್ಲಿ ಅವರೂ ಒಬ್ಬರು.

ಕೊಪ್ಪಳ ಜಿಲ್ಲೆಯ ಕಿನ್ನಾಳ ಈ ಸಮಸ್ಯೆಗೆ ತಕ್ಕ ನಿದರ್ಶನ. ಇಲ್ಲಿನ ಚಿತ್ರಗಾರರು ಹಗುರವಾದ ಮರವನ್ನು ಕಡೆದು, ಸೆಣಬಿನ ನಾರು ಮತ್ತು ಹುಣಸೆಬೀಜದ ಅಂಟಿನ ಲೇಪ ಹಚ್ಚಿ, ಬಣ್ಣವೇರಿಸಿ ಗರುಡ, ಕಾಮಧೇನು ಮೊದಲಾದ ಮೂರ್ತಿಗಳನ್ನೂ ಗೊಂಬೆಗಳನ್ನೂ ತಯಾರಿಸುತ್ತಾರೆ. ಇವರ ಪೂರ್ವಜರು ವಿಜಯನಗರದ ಕಾಲದವರೆಂಬ ಪ್ರತೀತಿಯಿದೆ. ಒಂದು ಗೊಂಬೆಗೆ ಹಿಡಿಯುವ ದಿನಗಳ ಶ್ರಮವನ್ನು ಅಚ್ಚಿನಲ್ಲಿ ಕ್ಷಣದಲ್ಲಿ ಮೂಡುವ ಪ್ಲಾಸ್ಟಿಕ್ ಆಟಿಕೆಯ ಬೆಲೆಯೊಡನೆ ತೂಗಿ ನೋಡುವ ಗಿರಾಕಿಯೇ ಇಂದು ಹೆಚ್ಚು. ಕಿನ್ನಾಳ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವುದರಿಂದ ಹೆಸರಿಗೆ ರಕ್ಷಣೆ ಸಿಕ್ಕಿದೆ. ಮಾರುಕಟ್ಟೆಯನ್ನು ಬೇರೆಯಾಗಿಯೇ ಗಳಿಸಬೇಕಾಗಿದೆ. ರಫ್ತಿನ ಅವಸರದಲ್ಲಿ ಕೆಲಸದ ಗುಣ ಕೆಡಬಾರದೆಂದು ಕಮಲಾದೇವಿಯವರು ಎಚ್ಚರಿಸುತ್ತಿದ್ದುದು ಇಂಥ ಕಸುಬುಗಳಿಗೆ ಈಗಲೂ ಅನ್ವಯಿಸುತ್ತದೆ.

ಗೌರವ ಮತ್ತು ನಿಧನ

1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಆತ್ಮಕಥೆ 1986ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು. ಮಹಿಳಾ ನೇಕಾರರು ಮತ್ತು ಕುಶಲಕರ್ಮಿಗಳಿಗೆ ಕೇಂದ್ರ ಸರ್ಕಾರವು ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ.